ಆರು ಗಿಟಾರ್, ಒಂದೇ ಮುಖ

(ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವ ಹುಡುಗ ಹುಡುಗಿಯರ ಮುಂದೆ ಬಳ್ಳಾರಿಯಲ್ಲಿ ಆಡಿದ ಮಾತು. ರೆಕಾರ್ಡಿಂಗ್ ಕೇಳಿ ಬರೆದುಕೊಂಡದ್ದು.)

ಈಗ ಎರಡು ತುಣುಕು ಕೇಳಿದಿರಿ. ಎರಡರಲ್ಲೂ ಒಂದೇ ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರ್ ಸಾಲು, ಒಂದೇ ಗಿಟಾರ್, ನುಡಿಸಿದವನೂ ಒಬ್ಬನೇ. ಎರಡರಲ್ಲೂ ನಾಲ್ಕು ನಾಲ್ಕು ಪದರ, ಅಂದರೆ ಅದನ್ನೇ ನಾಲ್ಕು ಸಲ ನುಡಿಸಿ ಒಂದರ ಮೇಲೊಂದು ಇಟ್ಟದ್ದು. ಯಾವುದು ದಪ್ಪ ಅಂತ ಕೇಳಿದೆ. ಹೆಚ್ಚಿನವರು ಮೊದಲನೆಯದಕ್ಕೆ ಕೈ ಎತ್ತಿದಿರಿ. ಸರಿ. ಈಗ ಅದೇ ಎರಡಕ್ಕೂ ಡ್ರಮ್ಸ್ ಮತ್ತು ಬೇಸ್ ಗಿಟಾರ್ ಸೇರಿಸಿ ಹಾಕುತ್ತೇನೆ.

ನೋಡಿ, ಕೈಗಳೆಲ್ಲ ಎರಡನೆಯದಕ್ಕೆ ಬಂದವು. ಮೊದಲನೆಯದು ಎಲ್ಲಿ ಹೋಯಿತು? ಗಿಟಾರ್ ಇದೆ, ಆದರೆ ಗೋಣಿಚೀಲದೊಳಗಿಂದ ಕೇಳಿದ ಹಾಗಿದೆ. ಎರಡನೆಯದು ಒಂಟಿಯಾಗಿ ಕೇಳಿದಾಗ ಬಡಕಲಾಗಿತ್ತು, ಈಗ ಗೋಡೆ ಹಾಗೆ ನಿಂತಿದೆ. ನಡುವೆ ನಾನು ಮಿಕ್ಸಿಂಗ್ ಏನೂ ಮಾಡಿಲ್ಲ. ಇಕ್ಯು, ಅಂದರೆ ಕೆಲವು ಸ್ವರ ಏರಿಸಿ ಕೆಲವನ್ನು ಇಳಿಸುವ ಸಾಧನ, ಅದನ್ನೂ ಮುಟ್ಟಿಲ್ಲ. ಬದಲಾಗಿದ್ದು ಮೈಕ್ ಮತ್ತು ಮೈಕ್ ಇಟ್ಟ ಜಾಗ, ಅಷ್ಟೇ.

ಇದನ್ನು ನಾನು ದಡ್ಡತನದಿಂದಲೇ ಕಲಿತೆ. ನಮ್ಮದು ಕೌಲ್ ಬಜಾರ್ ಕಡೆ ಚಿಕ್ಕ ಮನೆ. ಮೇಲಿನ ಕೋಣೆಯೇ ಸ್ಟುಡಿಯೋ. ಮೊದಲ ಸಲ ಒಂದು ಬ್ಯಾಂಡ್‌ನ ಹುಡುಗರು ಬಂದು, 'ಅಣ್ಣ, ಗಿಟಾರ್ ದಪ್ಪ ಬೇಕು' ಅಂದರು. ಆಂಪ್, ಅಂದರೆ ಗಿಟಾರ್ ಸದ್ದು ಜೋರು ಮಾಡುವ ಸ್ಪೀಕರ್ ಪೆಟ್ಟಿಗೆ, ಅದರ ಮುಂದೆ ನಾನು ಮೈಕ್ ಇಟ್ಟೆ. ಒಳ್ಳೆ ಸೌಂಡ್ ಬಂತು. ಮೈಕ್ ಸ್ಟ್ಯಾಂಡ್ ಅಲುಗಾಡಬಾರದು ಅಂತ ಕಾಲಿಗೆ ಟೇಪ್ ಬೇರೆ ಹಾಕಿದೆ. ಅದೇ ಗಿಟಾರ್, ಅದೇ ಆಂಪ್, ಅದೇ ಮೈಕ್, ಅದೇ ಜಾಗ. ಆರು ಸಲ ನುಡಿಸಿಸಿದೆ. ಆರು ಪದರ ಸೇರಿದರೆ ಆರು ಪಟ್ಟು ದಪ್ಪ ಅನ್ನೋ ಲೆಕ್ಕ. ರಾತ್ರಿ ಎರಡು ಗಂಟೆಗೆ ಆರನ್ನೂ ಒಟ್ಟಿಗೆ ಹಾಕಿ ಕೇಳಿದರೆ, ಒಂದೇ ಗಿಟಾರ್ ಕೆಟ್ಟದಾಗಿ ಕೇಳಿಸುತ್ತಿತ್ತು. ಆ ಹುಡುಗರು ಒಳ್ಳೆಯವರು, ಏನೂ ಅನ್ನಲಿಲ್ಲ. ಆದರೆ ಮುಂದಿನ ಹಾಡಿಗೆ ನನ್ನ ಹತ್ತಿರ ಬರಲಿಲ್ಲ.

ಯಾಕೆ ಹಾಗಾಯಿತು? ಪ್ರತಿ ಮೈಕ್‌ಗೂ ಒಂದು ಗುಣ ಇರುತ್ತದೆ. ಕೆಲವು ಸ್ವರಗಳನ್ನು ಎತ್ತಿ ತೋರಿಸುತ್ತದೆ, ಕೆಲವನ್ನು ತಗ್ಗಿಸುತ್ತದೆ. ಒಂದೇ ಮೈಕ್ ಆರು ಸಲ ಬಳಸಿದರೆ ಆ ಏರು ಆರು ಪಟ್ಟು ಆಗುತ್ತದೆ ಅಂತ ಕೆಲವರು ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. ಏರಿನ ಜೊತೆ ಉಳಿದದ್ದೂ ಅಷ್ಟೇ ಏರುತ್ತದೆ, ಹಾಗಾಗಿ ಅವುಗಳ ನಡುವಿನ ಅಂತರ ಮೊದಲು ಎಷ್ಟಿತ್ತೋ ಅಷ್ಟೇ ಉಳಿಯುತ್ತದೆ. ನಿಜವಾದ ತೊಂದರೆ ಬೇರೆ. ಆರಕ್ಕೂ ಒಂದೇ ಮುಖ. ಒಂದು ಎಲ್ಲಿ ಜೋರೋ ಎಲ್ಲವೂ ಅಲ್ಲೇ ಜೋರು, ಒಂದು ಎಲ್ಲಿ ಖಾಲಿಯೋ ಎಲ್ಲವೂ ಅಲ್ಲೇ ಖಾಲಿ. ಒಂದರ ಕೊರತೆಯನ್ನು ಇನ್ನೊಂದು ತುಂಬುವುದಿಲ್ಲ. ಆರು ಜನ ನುಡಿಸುತ್ತಿದ್ದಾರೆ ಅಂತ ಕಿವಿಗೆ ಗೊತ್ತಾಗುವುದೇ ಇಲ್ಲ. ಮೇಲಾಗಿ ಆರೂ ಸೇರಿ ಕೆಳಗಿನ ಸ್ವರಗಳಲ್ಲಿ ಬೇಸ್ ಗಿಟಾರ್ ಮತ್ತು ಕಿಕ್ ಡ್ರಮ್‌ಗೆ ಕೂರಲು ಜಾಗ ಬಿಡುವುದಿಲ್ಲ.

ಇಲ್ಲಿ ಜೀನ್ಸ್ ಯೂನಿಟ್‌ಗಳಲ್ಲಿ ಕೆಲಸ ಮಾಡಿದವರು ಅಥವಾ ಅಂಥ ಮನೆಯವರು ಇದ್ದೀರಿ, ಬಳ್ಳಾರಿ ಅಲ್ವಾ. ಪ್ಯಾಂಟ್ ಹೊಲಿಯುವಾಗ ಸೂಜಿ ಎಲ್ಲಿ ಮುರಿಯುತ್ತದೆ? ಸಾದಾ ಬಟ್ಟೆಯ ಮೇಲೆ ಮುರಿಯುವುದಿಲ್ಲ. ಮಡಿಕೆಯ ಮೇಲೆ ಮಡಿಕೆ ಬಂದು, ಹೊಲಿಗೆ ಹೊಲಿಗೆಯನ್ನು ದಾಟುವ ಕಡೆ ಮುರಿಯುತ್ತದೆ. ನಮ್ಮಪ್ಪ ಆ ಜಾಗಕ್ಕೆ ಸುತ್ತಿಗೆಯಲ್ಲಿ ಎರಡು ಏಟು ಹಾಕಿ ಚಪ್ಪಟೆ ಮಾಡಿ ಆಮೇಲೆ ಮಶಿನ್ ಓಡಿಸುತ್ತಿದ್ದರು. ಮಿಕ್ಸಿಂಗ್‌ನಲ್ಲಿ ನಾವು ಇಕ್ಯು ಹಾಕುವುದು ಆ ಸುತ್ತಿಗೆ ಏಟೇ. ಏಟು ಹಾಕಬಹುದು. ಆದರೆ ಮಡಿಕೆಗಳು ಒಂದೇ ಕಡೆ ಬೀಳದ ಹಾಗೆ ಮೊದಲೇ ಕತ್ತರಿಸಿದರೆ ಕೆಲಸ ಸುಲಭ.

ಮೈಕ್‌ಗಳ ಹೆಸರಿಗೆ ಆಮೇಲೆ ಬರುತ್ತೇನೆ. ನನಗೆ ಗೊತ್ತು, ನೀವೆಲ್ಲ ಅದಕ್ಕೇ ಬಂದಿದ್ದೀರಿ. ಮೊದಲು ಸ್ಪೀಕರ್ ಹತ್ತಿರ ಹೋಗೋಣ.

ಊರ ಪಕ್ಕದಲ್ಲೇ ಸಂಗನಕಲ್ಲು ಇದೆ, ಕುಪ್ಪಗಲ್ಲು ಗುಡ್ಡ ಇದೆ. ಎಷ್ಟು ಜನ ಹತ್ತಿದ್ದೀರಿ? ಅಲ್ಲಿ ನವಶಿಲಾಯುಗದ ಜನ ಬಿಟ್ಟುಹೋದ ಚಿತ್ರಗಳ ನಡುವೆ ಕೆಲವು ಕರಿಬಂಡೆಗಳಿವೆ. ಬಡಿದರೆ ಗಂಟೆಯ ಹಾಗೆ ಕೇಳಿಸುತ್ತವೆ. ಬಡಿದು ಬಡಿದು ಗುಳಿ ಬಿದ್ದಿರುವ ಗುರುತೂ ಇದೆ. ಗುಳಿ ಬಿದ್ದಿರುವುದು ಬಂಡೆಯ ಎಲ್ಲಾ ಕಡೆ ಅಲ್ಲ, ಕೆಲವೇ ಜಾಗದಲ್ಲಿ. ಸಾವಿರಾರು ವರ್ಷದ ಹಿಂದೆ ಯಾರೋ ಆ ಕಲ್ಲಿನ ಮುಂದೆ ಕೂತು, ಇಲ್ಲಿ ಬಡಿದರೆ ಹೀಗೆ, ಅಲ್ಲಿ ಬಡಿದರೆ ಹಾಗೆ ಅಂತ ಹುಡುಕಿದ್ದಾರೆ ಅಂತಲೇ ನನಗೆ ಅನಿಸುತ್ತದೆ. ನೀವು ಹೋದರೆ ಕಣ್ಣಲ್ಲಿ ನೋಡಿ ಬನ್ನಿ, ಬಡಿಯಬೇಡಿ. ನಮಗಿಂತ ಮೊದಲು ಬಡಿದವರ ಗುರುತು ಅದು.

ಗಿಟಾರ್ ಸ್ಪೀಕರ್ ಕೂಡ ಹಾಗೆಯೇ. 12 ಇಂಚಿನ ಸ್ಪೀಕರ್ ಅಂದರೆ ಒಂದು ಸೌಂಡ್ ಅಲ್ಲ. ನಡುವಿನ ಗುಂಡು ಮುಚ್ಚಳದ ಎದುರು ಮೈಕ್ ಇಟ್ಟರೆ ಚೂಪು, ಕಿವಿ ಚುಚ್ಚುವಷ್ಟು. ಮುಚ್ಚಳದ ಅಂಚಿಗೆ, ಸುತ್ತಲಿನ ಕಾಗದದ ಕೋನ್ ಶುರುವಾಗುವ ಕಡೆ ಬಂದರೆ ಸ್ವಲ್ಪ ಮೆತ್ತಗೆ. ಕೋನ್‌ನ ಹೊರ ಅಂಚಿನ ಕಡೆ ಸರಿದರೆ ಮಂದ, ಕಂಬಳಿ ಹೊದ್ದ ಹಾಗೆ. ಎರಡು ಬೆರಳಷ್ಟು ಸರಿಸಿದರೆ ಸಾಕು, ಇಕ್ಯುನಲ್ಲಿ ಎಷ್ಟು ತಿರುಗಿಸಿದರೂ ಬರದ ಬದಲಾವಣೆ ಬರುತ್ತದೆ. ಮುಂದಿನ ಬಟ್ಟೆಯಿಂದಾಗಿ ಕೋನ್ ಎಲ್ಲಿದೆ ಅಂತ ಕಾಣುವುದಿಲ್ಲ. ಮೊಬೈಲ್ ಟಾರ್ಚ್ ಹಾಕಿ ಓರೆಯಾಗಿ ನೋಡಿ, ಕಾಣುತ್ತದೆ. ನಾನು ಬಟ್ಟೆಯ ಮೇಲೆ ಸಣ್ಣ ತುಂಡು ಟೇಪ್ ಅಂಟಿಸಿ ಗುರುತು ಮಾಡುತ್ತೇನೆ. ನಡು, ಅಂಚು, ಹೊರಗೆ, ಮೂರು ಗುರುತು.

ಇನ್ನೊಂದು ವಿಷಯ ದೂರ. ಒಂದು ದಿಕ್ಕಿಗೆ ಜಾಸ್ತಿ ಕಿವಿ ಕೊಡುವ ಮೈಕ್‌ಗಳನ್ನು ಸೌಂಡ್‌ಗೆ ತೀರಾ ಹತ್ತಿರ ತಂದರೆ ಕೆಳಗಿನ ಸ್ವರ ಉಬ್ಬುತ್ತದೆ. ಹಾಡುವವರು ಮೈಕ್ ಬಾಯಿಗೆ ಒತ್ತಿ ಹಿಡಿದಾಗ ದನಿ ಗುಂಯ್ ಅನ್ನುತ್ತದಲ್ಲ, ಅದೇ. ಒಂಟಿ ಗಿಟಾರ್ ಇರುವ ಹಾಡಿಗೆ ಆ ಉಬ್ಬು ಚೆನ್ನ. ನಾಲ್ಕು ಪದರಕ್ಕೂ ಅದೇ ಉಬ್ಬು ಕೊಟ್ಟಿರಿ ಅಂದರೆ ನೀವು ಮೊದಲು ಕೇಳಿದ ಗೋಣಿಚೀಲ. ಮೈಕನ್ನು ಬಟ್ಟೆಗೆ ತಾಗಿಸಿ ಇಡುವ ಬದಲು ನಾಲ್ಕೈದು ಇಂಚು ಹಿಂದೆ ತನ್ನಿ. ಕೆಳಗಿನ ಉಬ್ಬು ಇಳಿಯುತ್ತದೆ, ಕೋಣೆಯ ಗಾಳಿ ಸ್ವಲ್ಪ ಸೇರುತ್ತದೆ.

ಜಾಗ ಹುಡುಕುವುದು ಒಬ್ಬರ ಕೆಲಸ ಅಲ್ಲ. ಒಬ್ಬರು ನುಡಿಸಬೇಕು, ಒಬ್ಬರು ಮೈಕ್ ಸರಿಸಬೇಕು, ಮೂರನೆಯವರು ಬೇರೆ ಕೋಣೆಯಲ್ಲಿ ಕೇಳಬೇಕು. ಮೂವರು ಇಲ್ಲದಿದ್ದರೆ ನಾನು ಒಂದು ಉಪಾಯ ಮಾಡುತ್ತೇನೆ. ಗಿಟಾರ್ ನುಡಿಸದೆ, ಆಂಪ್‌ನ ಗೇನ್, ಅಂದರೆ ಒಳಗೆ ಬರುವ ಸದ್ದನ್ನು ಹಿಗ್ಗಿಸುವ ತಿರುಗಣೆ, ಏರಿಸಿ, ಅದರ 'ಸ್ಸ್' ಶಬ್ದ ಬರುವ ಹಾಗೆ ಮಾಡುತ್ತೇನೆ. ಹೆಡ್‌ಫೋನ್ ಹಾಕಿಕೊಂಡು ಮೈಕನ್ನು ನಿಧಾನವಾಗಿ ಸರಿಸುತ್ತೇನೆ. ಆ ಸ್ಸ್ ಎಲ್ಲಿ ಚೂಪಾಗುತ್ತದೆ, ಎಲ್ಲಿ ಮಂದವಾಗುತ್ತದೆ ಅಂತ ಸ್ಪಷ್ಟವಾಗಿ ಕೇಳಿಸುತ್ತದೆ. ಎರಡು ನಿಮಿಷದ ಕೆಲಸ. ವಾಲ್ಯೂಮ್ ಮಾತ್ರ ನೋಡಿಕೊಳ್ಳಿ. ಆಂಪ್ ಜೋರಾಗಿದ್ದಾಗ ಸ್ಪೀಕರ್ ಎದುರು ಕಿವಿ ಇಟ್ಟು ಹುಡುಕುವವರನ್ನು ನೋಡಿದ್ದೇನೆ. ಮೈಕ್ ಕೆಟ್ಟರೆ ಇನ್ನೊಂದು ತರಬಹುದು.

ಈಗ ಮೈಕ್‌ಗೆ ಬರೋಣ.

ಶ್ಯೂರ್ ಎಸ್‌ಎಂ57. 1965ರಲ್ಲಿ ಬಂದದ್ದು, ಇವತ್ತಿಗೂ ಮಾರುತ್ತಾರೆ. ಎಸ್‌ಎಂ ಅಂದರೆ ಸ್ಟುಡಿಯೋ ಮೈಕ್ರೊಫೋನ್. ಅಮೆರಿಕದ ಅಧ್ಯಕ್ಷರು ಭಾಷಣ ಮಾಡುವಾಗ ಮುಂದೆ ಇರುವ ಮೈಕ್ ನೋಡಿ, ದಶಕಗಳಿಂದ ಇದೇ. ಭಾಷಣಕ್ಕೂ ಸೈ, ಸ್ನೇರ್ ಡ್ರಮ್‌ಗೂ ಸೈ, ಗಿಟಾರ್‌ಗಂತೂ ಸೈ. ಕೈತಪ್ಪಿ ಬಿದ್ದರೂ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಇದರ ಕಿವಿ 40 ಹರ್ಟ್ಸ್‌ನಿಂದ 15 ಸಾವಿರ ಹರ್ಟ್ಸ್‌ವರೆಗೆ. ಹರ್ಟ್ಸ್ ಅಂದರೆ ಶಬ್ದ ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ ಅನ್ನೋ ಲೆಕ್ಕ. 5–6 ಸಾವಿರದ ಹತ್ತಿರ ಒಂದು ಏರು ಇದೆ. ಗಿಟಾರ್ ಸ್ಪೀಕರ್‌ಗಳೂ 5 ಸಾವಿರ ದಾಟಿದ ಮೇಲೆ ಸುಸ್ತಾಗುತ್ತವೆ. ಹಾಗಾಗಿ ಸ್ಪೀಕರ್ ಇಳಿಯುವ ಹೊತ್ತಿಗೆ ಮೈಕ್ ಎತ್ತುತ್ತದೆ. ಅದಕ್ಕೇ ಈ ಜೋಡಿ ಇಷ್ಟು ವರ್ಷ ಮುರಿದಿಲ್ಲ ಅಂತ ನನ್ನ ಲೆಕ್ಕ. ನಿಮ್ಮ ಹತ್ತಿರ ಒಂದೇ ಮೈಕ್‌ಗೆ ದುಡ್ಡಿದ್ದರೆ ಇದನ್ನೇ ತನ್ನಿ. ಆದರೆ ಇದರ ನಕಲಿ ಮಾಲು ಮಾರುಕಟ್ಟೆಯಲ್ಲಿ ತುಂಬಾ ಇದೆ. ತೂಕ ಕಡಿಮೆ ಇದ್ದು ದರವೂ ನಂಬಲಾರದಷ್ಟು ಕಡಿಮೆ ಇದ್ದರೆ ಬಿಟ್ಟು ಬನ್ನಿ. ನಾನೂ ಒಮ್ಮೆ ಮೋಸ ಹೋಗಿದ್ದೇನೆ. ಬಿಚ್ಚಿ ನೋಡಿದರೆ ಒಳಗೆ ಆಟಿಕೆ.

ಸೆನ್‌ಹೈಸರ್ ಎಂಡಿ 421. ಇದು ಇನ್ನೂ ಹಳೆಯದು, 1960ರದ್ದು. ಇದೂ 57ರ ಹಾಗೆ ಡೈನಮಿಕ್ ಮೈಕೇ, ಅಂದರೆ ಒಳಗೆ ತಂತಿಯ ಸುರುಳಿ ಅದುರಿ ಕರೆಂಟ್ ಹುಟ್ಟಿಸುವಂಥದ್ದು, ಆದರೆ ಮೈ ತುಂಬಿದ ಸೌಂಡ್. ಹಿಂದೆ ಒಂದು ತಿರುಗಿಸುವ ಬಳೆ ಇದೆ. ಅದರಲ್ಲಿ ಐದು ಹಂತ. ಸಂಗೀತಕ್ಕೆ ಎಂ, ಮಾತಿಗೆ ಎಸ್, ನಡುವೆ ಮೂರು ಮೆಟ್ಟಿಲು. ತಿರುಗಿಸುತ್ತಾ ಹೋದ ಹಾಗೆ ಕೆಳಗಿನ ಸ್ವರ ಕಡಿಮೆಯಾಗುತ್ತದೆ. ಪದರ ಹಾಕುವವರಿಗೆ ಆ ಬಳೆ ಒಂದು ವರ. ಎರಡನೇ ಜೋಡಿ ಪದರಕ್ಕೆ ಒಂದೆರಡು ಮೆಟ್ಟಿಲು ತಿರುಗಿಸಿ ಇಡಿ, ಮೊದಲ ಜೋಡಿಗೂ ಬೇಸ್ ಗಿಟಾರ್‌ಗೂ ದಾರಿ ಬಿಟ್ಟುಕೊಡುತ್ತದೆ.

ಅದೇ ಮನೆತನದಲ್ಲಿ ಇ609, ಇ906 ಅಂತ ಚಪ್ಪಟೆ ಮುಖದ ಮೈಕ್‌ಗಳಿವೆ. ಕೇಬಲ್ ಹಿಡಿದು ಆಂಪ್ ಮೇಲಿಂದ ಇಳಿಬಿಟ್ಟರೆ ಸ್ಪೀಕರ್‌ಗೆ ಸರಿಯಾಗಿ ಮುಖ ಮಾಡಿ ನಿಲ್ಲುತ್ತವೆ. ಸ್ಟೇಜ್‌ಗೆ ಅನುಕೂಲ. ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ನುಡಿಸುವವರಿಗೆ ಒಂದು ಸ್ಟ್ಯಾಂಡ್ ಉಳಿಯಿತು.

ಇನ್ನು ರಿಬ್ಬನ್ ಮೈಕ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಯಾಕೆಂದರೆ ಪದರದ ಆಟ ನನಗೆ ಅರ್ಥವಾಗಿದ್ದೇ ಇದನ್ನು ಕೇಳಿದ ಮೇಲೆ. ಒಳಗೆ ಅಯಸ್ಕಾಂತದ ನಡುವೆ ತೆಳು ಅಲ್ಯುಮಿನಿಯಂ ಪಟ್ಟಿ ಇರುತ್ತದೆ. 1998ರಲ್ಲಿ ಬಂದ ರಾಯರ್ ಆರ್‌-121ರಲ್ಲಿ ಆ ಪಟ್ಟಿಯ ದಪ್ಪ 2.5 ಮೈಕ್ರಾನ್. ತಲೆಗೂದಲಿಗೆ ಹೋಲಿಸಿದರೆ ಅದರ ಹತ್ತಾರು ಪಾಲಿನಲ್ಲಿ ಒಂದು ಪಾಲು. 1930ರ ದಶಕದಿಂದ ರೇಡಿಯೋ, ಸಿನಿಮಾದಲ್ಲಿ ರಿಬ್ಬನ್ ಇತ್ತು, ಆದರೆ ಹಳೆಯವು ನಾಜೂಕು. ಜೋರು ಆಂಪ್ ಮುಂದೆ ಇಡಲು ಜನ ಹೆದರುತ್ತಿದ್ದರು. ಆರ್‌-121 ಬಂದ ಮೇಲೆ ಆ ಹೆದರಿಕೆ ಕಡಿಮೆಯಾಯಿತು.

ರಿಬ್ಬನ್ ಸೌಂಡ್ ಹೇಗೆ? 57 ಎತ್ತಿ ತೋರಿಸುವ ಆ ಚೂಪನ್ನು ಇದು ಎತ್ತುವುದಿಲ್ಲ. ನಡುವಿನ ಸ್ವರಗಳು ತುಂಬಿಕೊಂಡು ಬರುತ್ತವೆ. ಕೋಣೆಯಲ್ಲಿ ಆಂಪ್ ಮುಂದೆ ನಿಂತು ಕೇಳಿದ ಹಾಗೆ. ಒಂಟಿಯಾಗಿ ಕೇಳಿದರೆ ಮಂಕು ಅನಿಸಬಹುದು. 57ರಲ್ಲಿ ತೆಗೆದ ಪದರದ ಪಕ್ಕ ಇಟ್ಟು ಕೇಳಿ, ಒಂದರ ಖಾಲಿಯಲ್ಲಿ ಇನ್ನೊಂದು ಕೂರುತ್ತದೆ. ನನ್ನ ಸ್ನೇಹಿತನೊಬ್ಬ ಒಂದು ವಾರಕ್ಕೆ ತನ್ನ ರಿಬ್ಬನ್ ಕೊಟ್ಟಿದ್ದ. ಆ ವಾರ ನಾನು ಇಕ್ಯು ತೆರೆದದ್ದೇ ಕಡಿಮೆ.

ಆದರೆ ಸಾಕುವುದು ಕಷ್ಟ. ಫೂ ಅಂತ ಊದಿ ಟೆಸ್ಟ್ ಮಾಡುವ ಅಭ್ಯಾಸ ನಮ್ಮ ಕಡೆ ಎಲ್ಲರಿಗೂ ಇದೆ, ಮೈಕ್ ಸೆಟ್‌ನವರ ಬಳುವಳಿ. ರಿಬ್ಬನ್‌ಗೆ ಊದಿದರೆ ಪಟ್ಟಿ ಹಿಗ್ಗಬಹುದು, ಹರಿಯಲೂಬಹುದು. ಕೇಬಲ್ ಸರಿ ಇಲ್ಲದೆ ಫ್ಯಾಂಟಮ್ ಪವರ್, ಅಂದರೆ ಕೇಬಲ್ ಮೂಲಕವೇ ಮೈಕ್‌ಗೆ ಕೊಡುವ ಕರೆಂಟ್, ಒಳಗೆ ಹರಿದರೂ ಪಟ್ಟಿಗೆ ಅಪಾಯ. ಒಳಗಿನ ಅಯಸ್ಕಾಂತ ಕಬ್ಬಿಣದ ಚೂರನ್ನು ಎಳೆದುಕೊಳ್ಳುತ್ತದೆ. ನಮ್ಮ ಕೆಳಗಿನ ಮನೆಯಲ್ಲಿ ವೆಲ್ಡಿಂಗ್ ಶಾಪ್ ಇದೆ. ಊರಿನ ಧೂಳಿನ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ, ಬಿಳಿ ಅಂಗಿ ಹಾಕಿಕೊಂಡು ಸಂಡೂರು ರಸ್ತೆಯಲ್ಲಿ ಹೋಗಿ ಬಂದವರಿಗೆ ಗೊತ್ತು. ಆ ವಾರವೆಲ್ಲ ಕೆಲಸ ಮುಗಿದ ಕೂಡಲೇ ಮೈಕನ್ನು ಚೀಲಕ್ಕೆ ಹಾಕಿ, ಚೀಲವನ್ನು ಡಬ್ಬಿಗೆ ಹಾಕಿ, ಡಬ್ಬಿಯನ್ನು ಬೀರುವಿನಲ್ಲಿ ಇಡುತ್ತಿದ್ದೆ. ನಮ್ಮವ್ವ 'ಅದರಾಗ ಬಂಗಾರ ಐತೇನೋ?' ಅಂದಿದ್ದಳು.

ರಿಬ್ಬನ್‌ನ ಇನ್ನೊಂದು ಗುಣ, ಬಹುಪಾಲು ರಿಬ್ಬನ್‌ಗಳು ಹಿಂದಿನಿಂದಲೂ ಮುಂದಿನಷ್ಟೇ ಕೇಳಿಸಿಕೊಳ್ಳುತ್ತವೆ. ಎಂಟರ ಅಂಕಿ ಆಕಾರ. ಹಿಂದೆ ಬರೀ ಗೋಡೆ ಇದ್ದರೆ ಗೋಡೆಯೂ ರೆಕಾರ್ಡ್ ಆಗುತ್ತದೆ. ಎರಡು ಪಕ್ಕಕ್ಕೆ ಮಾತ್ರ ಬಹುತೇಕ ಕಿವುಡು. ಹಾಗಾಗಿ ಫ್ಯಾನ್ ಇರುವ ಕಡೆಗೆ ಮೈಕ್‌ನ ಪಕ್ಕ ಬರುವ ಹಾಗೆ ತಿರುಗಿಸಿಟ್ಟರೆ ಫ್ಯಾನ್ ಮಾಯ.

ಇಲ್ಲಿ ಕೌದಿ ಬರುತ್ತದೆ. ನಗಬೇಡಿ. ಜೀನ್ಸ್ ಕತ್ತರಿಸಿ ಉಳಿದ ಚಿಂದಿಯಲ್ಲಿ ನಮ್ಮವ್ವ ಹೊಲಿದ ಕೌದಿ ನೀವು ನೋಡಬೇಕು. ಮೂವರು ಹೊದ್ದರೂ ಭಾರ. ಐದಾರು ಪದರ ಹಳೇ ಬಟ್ಟೆ, ಮೇಲೆ ಒತ್ತೊತ್ತಾಗಿ ಹೊಲಿಗೆ. ಎರಡು ಕುರ್ಚಿಯ ಬೆನ್ನಿಗೆ ಹಾಕಿ ಮೈಕ್‌ನ ಹಿಂದೆ ನಿಲ್ಲಿಸಿದರೆ ಮೇಲಿನ ಮತ್ತು ನಡುವಿನ ಸ್ವರಗಳ ಮಾರ್ದನಿ ಚೆನ್ನಾಗಿ ಸಾಯುತ್ತದೆ. ಕೆಳಗಿನ ಸ್ವರಕ್ಕೆ ಕೌದಿ ಸಾಲದು, ಅದಕ್ಕೆ ಬಹಳ ದಪ್ಪ ಬೇಕು. ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವವರಿಗೆ ಹೇಳುತ್ತಿದ್ದೇನೆ, ಅದನ್ನು ಕಿತ್ತು ಎರಡು ಕೌದಿ ನೇತುಹಾಕಿ. ಮೊಟ್ಟೆ ಟ್ರೇಯಿಂದ ಆಗುವ ಉಪಯೋಗ ಜಿರಳೆಗೆ ಮಾತ್ರ.

ಕಂಡೆನ್ಸರ್, ಅಂದರೆ ಕರೆಂಟ್ ಕೊಟ್ಟರೆ ಮಾತ್ರ ಕೆಲಸ ಮಾಡುವ ಸೂಕ್ಷ್ಮ ಮೈಕ್, ಅದರ ಬಗ್ಗೆ ಚಿಕ್ಕದಾಗಿ. ನ್ಯೂಮನ್ ಯು87 ಅಂತ 1967ರಿಂದ ಇರುವ ದೊಡ್ಡ ಹೆಸರು, ಅದರ ದರ ಕೇಳಿದರೆ ನಾನು ಒಂದು ಪ್ಲಾಟ್ ನೋಡುತ್ತೇನೆ. ಕಡಿಮೆ ದರದ ಕಂಡೆನ್ಸರ್ ನಿಮ್ಮಲ್ಲಿ ಹಲವರ ಹತ್ತಿರ ಇದೆ, ಹಾಡಲು ತಂದದ್ದು. ಅದಕ್ಕೆ 48 ವೋಲ್ಟ್ ಫ್ಯಾಂಟಮ್ ಬೇಕು. ಅದು ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ, ಗಿಟಾರ್ ಜೊತೆ ಬೀದಿಯ ಆಟೋವನ್ನೂ. ಜೋರು ಡಿಸ್ಟಾರ್ಷನ್, ಅಂದರೆ ಬೇಕೆಂದೇ ಒಡೆದ ಗರಗರ ಸದ್ದು, ಇರುವ ಗಿಟಾರ್‌ಗೆ ಹತ್ತಿರ ಇಡಬೇಡಿ. ಸದ್ದಿನ ಮಟ್ಟ ತಗ್ಗಿಸುವ ಪ್ಯಾಡ್ ಸ್ವಿಚ್ ಇದ್ದರೆ ಹಾಕಿ, ಅರ್ಧ ಮೀಟರ್‌ನಿಂದ ಒಂದು ಮೀಟರ್ ದೂರ ಇಡಿ. ಕ್ಲೀನ್ ಗಿಟಾರ್‌ನ ಒಂದು ಪದರ, ಬಿಡಿ ಬಿಡಿ ತಂತಿ ಮೀಟುವಂಥದ್ದು, ಅದಕ್ಕೆ ಚೆನ್ನಾಗಿ ಒಪ್ಪುತ್ತದೆ. ಮಿಣಿಮಿಣಿ ಅಂತ ಮೇಲೆ ತೇಲುತ್ತದೆ.

ಈಗ ಪದರ ಕಟ್ಟುವುದಕ್ಕೆ ಬರೋಣ. ಬುರ್ರಕಥೆ ಕೇಳಿದವರು ಕೈ ಎತ್ತಿ. ನಾಲ್ಕೇ ಜನ. ನಮ್ಮದೇ ಜಿಲ್ಲೆಯ ದರೋಜಿ ಈರಮ್ಮ ಅವರ ಧ್ವನಿ ಕೇಳದೆ ಬಳ್ಳಾರಿಯಲ್ಲಿ ಸಂಗೀತ ಮಾಡುತ್ತೇನೆ ಅನ್ನಬೇಡಿ, ಹುಡುಕಿ ಕೇಳಿ. ಅಲ್ಲಿ ಒಬ್ಬರು ಕಥೆ ಹೇಳುತ್ತಾರೆ, ಪಕ್ಕದವರು ಸೊಲ್ಲು ಎತ್ತಿಕೊಳ್ಳುತ್ತಾರೆ. ಹಿಮ್ಮೇಳದವರ ದನಿ ಮುಂದಿನವರ ದನಿಯ ಹಾಗೆ ಇರುವುದಿಲ್ಲ. ಒಂದು ದಪ್ಪ, ಒಂದು ಕೀರಲು. ಅದಕ್ಕೇ ಮೂರು ಜನ ಊರಿನಷ್ಟು ಜನರ ಹಾಗೆ ಕೇಳಿಸುತ್ತಾರೆ. ಗಿಟಾರ್ ಪದರದಲ್ಲೂ ಯಾರು ಕಥೆ ಹೇಳುವವರು, ಯಾರು ಹಿಮ್ಮೇಳ ಅಂತ ಮೈಕ್ ಇಡುವ ಮೊದಲೇ ತೀರ್ಮಾನ ಆಗಬೇಕು.

ನಾನು ಮಾಡುವುದು ಹೀಗೆ. ಮೊದಲ ಜೋಡಿ ರಿದಮ್, ಎಡಕ್ಕೊಂದು ಬಲಕ್ಕೊಂದು. ಎರಡಕ್ಕೂ 57, ಮುಚ್ಚಳದ ಅಂಚಿನ ಗುರುತಿನಲ್ಲಿ. ಈ ಜೋಡಿಗೆ ಒಂದೇ ಮುಖ ಇದ್ದರೆ ಪರವಾಗಿಲ್ಲ, ಎಡ ಬಲ ಸಮತೋಲ ಬೇಕಲ್ಲ. ಎರಡನೇ ಜೋಡಿಗೆ ಎಲ್ಲವನ್ನೂ ಬದಲಿಸುತ್ತೇನೆ. ಬೇರೆ ಗಿಟಾರ್ ಇದ್ದರೆ ಗಿಟಾರ್, ಇಲ್ಲದಿದ್ದರೆ ಪಿಕಪ್, ಅಂದರೆ ಗಿಟಾರ್ ಮೇಲೆ ತಂತಿಯ ಕಂಪನ ಹಿಡಿಯುವ ಅಯಸ್ಕಾಂತ. ಮೈಕ್ 421, ಇಲ್ಲವೇ ಅದೇ 57 ಆದರೆ ಕೋನ್‌ನ ಹೊರಗಿನ ಗುರುತಿನಲ್ಲಿ, ಐದು ಇಂಚು ಹಿಂದೆ. ಗೇನ್ ಮೊದಲಿನದಕ್ಕಿಂತ ಕಡಿಮೆ. ಈ ಗೇನ್ ವಿಷಯ ಯಾರೂ ನಂಬುವುದಿಲ್ಲ. ಡಿಸ್ಟಾರ್ಷನ್ ಜಾಸ್ತಿ ಆದಷ್ಟು ಪ್ಲೆಕ್ಟ್ರಮ್ ತಂತಿಗೆ ತಾಗುವ ಟಕ್ ಅನ್ನೋ ಶಬ್ದ ಸತ್ತು, ಎಲ್ಲಾ ಸಮತಟ್ಟಾಗುತ್ತದೆ. ನಾಲ್ಕು ಸಮತಟ್ಟು ಸೇರಿದರೆ ಬರುವುದು ಜೇನುನೊಣದ ಗೂಡು. ಒಂಟಿ ಕೇಳಿದಾಗ 'ಇನ್ನೂ ಸ್ವಲ್ಪ ಇರಬೇಕಿತ್ತು' ಅನ್ನಿಸುವಷ್ಟೇ ಗೇನ್ ಇಡಿ. 

ಮತ್ತೆ, ಕಾಪಿ ಪೇಸ್ಟ್ ಮಾಡಬೇಡಿ. ಒಂದೇ ಟೇಕನ್ನು, ಅಂದರೆ ಒಂದು ಸಲ ನುಡಿಸಿ ರೆಕಾರ್ಡ್ ಮಾಡಿದ್ದನ್ನು, ಕಾಪಿ ಮಾಡಿ ಇನ್ನೊಂದು ಕಡೆ ಹಾಕಿದರೆ ಅದು ಎರಡು ಗಿಟಾರ್ ಅಲ್ಲ, ಜೋರಾದ ಒಂದು ಗಿಟಾರ್. ಸ್ವಲ್ಪ ತಡ ಮಾಡಿ ಹಾಕಿದರೆ ಅಗಲ ಆದ ಹಾಗೆ ಅನಿಸುತ್ತದೆ. ಆದರೆ ಒಂದೇ ಸ್ಪೀಕರ್ ಇರುವ ಮೊಬೈಲ್‌ನಲ್ಲಿ ಕೇಳಿದಾಗ ಟೊಳ್ಳು. ಇದರ ಕಥೆ ಹಳೆಯದು. ಲೆಸ್ ಪಾಲ್ ಎಂಬ ಗಿಟಾರ್ ವಾದಕ, ಗಿಟಾರ್‌ಗೆ ಅವರದೇ ಹೆಸರಿದೆಯಲ್ಲ ಅವರೇ, ಕಂಪ್ಯೂಟರ್ ಇಲ್ಲದ ಕಾಲದಲ್ಲಿ ತಮ್ಮ ಗಿಟಾರ್ ಮೇಲೆ ತಾವೇ ಮತ್ತೆ ಮತ್ತೆ ನುಡಿಸಿ ಪದರ ಕಟ್ಟುತ್ತಿದ್ದರು. ಆಮೇಲೆ 1966ರಲ್ಲಿ ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದ ಇಂಜಿನಿಯರ್ ಕೆನ್ ಟೌನ್‌ಸೆಂಡ್, ಒಂದೇ ಸಲ ಹಾಡಿದ್ದನ್ನು ಟೇಪ್ ಮಶಿನ್ ಸಹಾಯದಿಂದ ಎರಡು ಸಲ ಹಾಡಿದ ಹಾಗೆ ಕೇಳಿಸುವ ಉಪಾಯ ಕಂಡುಹಿಡಿದರು. ಕಾರಣ ಏನು ಗೊತ್ತಾ? ಬೀಟಲ್ಸ್‌ನ ಜಾನ್ ಲೆನನ್‌ಗೆ ಅದೇ ಹಾಡನ್ನು ಎರಡನೇ ಸಲ ಹಾಡಲು ಬೇಜಾರು. ಅವರು ಲೆನನ್, ನಡೆಯಿತು. ಆ ಉಪಾಯದಲ್ಲೂ ಟೇಪಿನ ವೇಗವನ್ನು ಸ್ವಲ್ಪ ಏರಿಳಿಸಿ ಮನುಷ್ಯ ತಪ್ಪುವ ಹಾಗೆ ಮಾಡಬೇಕಾಯಿತು. ನಿಮ್ಮ ಕೈಯೇ ಆ ತಪ್ಪನ್ನು ಬಿಟ್ಟಿಯಾಗಿ ಮಾಡುತ್ತದೆ. ಇನ್ನೊಂದು ಸಲ ನುಡಿಸಿ.

ಪ್ರತಿ ಟೇಕ್‌ಗೂ ಟ್ಯೂನ್ ಮಾಡಿ. ಏಪ್ರಿಲ್‌ನಲ್ಲಿ ನಮ್ಮ ಮೇಲಿನ ಕೋಣೆ ಹಂಚಿನ ಮೇಲಿನ ರೊಟ್ಟಿ ಹಾಗೆ ಕಾಯುತ್ತದೆ. ಕೂಲರ್ ಹಾಕಿದರೆ ಸದ್ದು, ಆರಿಸಿದರೆ ಬೆವರು. ಕೂಲರ್ ಹಾಕಿ ಟ್ಯೂನ್ ಮಾಡಿ, ಆರಿಸಿ ನುಡಿಸಿದರೆ ಮೂರನೇ ಟೇಕ್ ಹೊತ್ತಿಗೆ ತಂತಿ ಇಳಿದಿರುತ್ತದೆ. ಒಂಟಿ ಗಿಟಾರ್‌ನಲ್ಲಿ ಗೊತ್ತಾಗದ ವ್ಯತ್ಯಾಸ ಪದರದಲ್ಲಿ ಹಲ್ಲು ಚಳಿ ಹಿಡಿಸುತ್ತದೆ.

ಒಂದೇ ಆಂಪ್‌ಗೆ ಎರಡು ಮೈಕ್ ಇಡುವ ಆಸೆ ಎಲ್ಲರಿಗೂ ಬರುತ್ತದೆ. 57 ಮತ್ತು ರಿಬ್ಬನ್ ಜೋಡಿ ಇಡೀ ಜಗತ್ತಿಗೆ ಪ್ರಿಯ. ಇಡಿ, ಆದರೆ ಲೆಕ್ಕ ಗೊತ್ತಿರಲಿ. ಶಬ್ದ ಒಂದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ, ನಮ್ಮ ಬಿಸಿಲಿಗೆ ಇನ್ನೂ ಸ್ವಲ್ಪ ಜಾಸ್ತಿ. ಒಂದು ಮೈಕ್ ಬಟ್ಟೆಯಿಂದ 2 ಸೆಂಟಿಮೀಟರ್, ಇನ್ನೊಂದು 19 ಸೆಂಟಿಮೀಟರ್ ಇದ್ದರೆ ನಡುವೆ 17 ಸೆಂಟಿಮೀಟರ್. ಎರಡನೇ ಮೈಕ್‌ಗೆ ಶಬ್ದ ಅರ್ಧ ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಸಾವಿರ ಹರ್ಟ್ಸ್ ಸ್ವರದ ಅಲೆ ಒಂದು ಮೈಕ್‌ನಲ್ಲಿ ಮೇಲೆ ಇದ್ದಾಗ ಇನ್ನೊಂದರಲ್ಲಿ ಕೆಳಗೆ. ಎರಡೂ ಸೇರಿ ಒಂದನ್ನೊಂದು ತಿಂದುಹಾಕುತ್ತವೆ. ಸಾವಿರದಲ್ಲಿ, ಮೂರು ಸಾವಿರದಲ್ಲಿ, ಐದು ಸಾವಿರದಲ್ಲಿ ಹೀಗೇ ಗುಂಡಿ ಬೀಳುತ್ತಾ ಹೋಗುತ್ತದೆ. ಗಿಟಾರ್‌ನ ಜೀವ ಇರುವುದೇ ಅಲ್ಲಿ. ಎರಡು ಒಳ್ಳೆ ಮೈಕ್ ಸೇರಿ ಒಂದು ಕೆಟ್ಟ ಸೌಂಡ್ ಆಯಿತು.

ಪರಿಹಾರ ಸುಲಭ. ಎರಡರ ಮುಖವನ್ನೂ ಒಂದೇ ಸಾಲಿಗೆ ತನ್ನಿ. ಆಮೇಲೆ ಒಂದು ಮೈಕ್‌ನ ಪೋಲಾರಿಟಿ ಬಟನ್ ಒತ್ತಿ ಅಲೆಯನ್ನು ಉಲ್ಟಾ ಮಾಡಿ, ಮೇಲಿದ್ದದ್ದು ಕೆಳಗೆ ಬರಲಿ. ಎರಡನೆಯದನ್ನು ಕೂದಲೆಳೆಯಷ್ಟು ಸರಿಸುತ್ತಾ ಸೌಂಡ್ ಎಲ್ಲಿ ಅತಿ ತೆಳ್ಳಗೆ, ಅತಿ ಕೆಟ್ಟದಾಗಿ ಕೇಳಿಸುತ್ತದೆ ಅಂತ ಹುಡುಕಿ. ಸಿಕ್ಕಿತಾ? ಈಗ ಬಟನ್ ಮತ್ತೆ ಒತ್ತಿ. ಅದೇ ಜಾಗದಲ್ಲಿ ಅತಿ ತುಂಬಿದ ಸೌಂಡ್. ಕೆಲವರು ಇಲ್ಲಿ ಮೂರಕ್ಕೊಂದು ನಿಯಮ ಅಂತ ಹೇಳುತ್ತಾರೆ, ಎರಡನೇ ಮೈಕ್ ಮೂರು ಪಟ್ಟು ದೂರ ಇರಬೇಕು ಅಂತ. ಆ ನಿಯಮ ಇಬ್ಬರು ಹಾಡುವವರಿಗೆ ಎರಡು ಮೈಕ್ ಇಟ್ಟಾಗ ಒಬ್ಬರ ದನಿ ಇನ್ನೊಬ್ಬರ ಮೈಕ್‌ಗೆ ಸೋರದಿರಲಿ ಅಂತ ಇರುವುದು. ಒಂದೇ ಸ್ಪೀಕರ್‌ನ ಎರಡು ಮೈಕ್‌ಗೆ ಅದನ್ನು ತರಬೇಡಿ.

ನನ್ನನ್ನು ಕೇಳಿದರೆ, ಪದರ ಜಾಸ್ತಿ ಇರುವ ಹಾಡಿಗೆ ಒಂದು ಟೇಕ್‌ಗೆ ಒಂದೇ ಮೈಕ್. ಎರಡು ಮೈಕ್ ಇದ್ದರೆ ಮೊದಲ ಜೋಡಿಗೆ ಒಂದು, ಎರಡನೇ ಜೋಡಿಗೆ ಇನ್ನೊಂದು. ಅಲೆಗಳು ಒಂದನ್ನೊಂದು ತಿನ್ನುವ ಫೇಸ್ ತಲೆನೋವೂ ಇಲ್ಲ, ಮುಖಗಳೂ ಬೇರೆ ಬೇರೆ.

ಹಮ್, ಅಂದರೆ ಕರೆಂಟಿನಿಂದ ಬರುವ ಗುಂಯ್ ಸದ್ದು, ಅದರ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ಕರೆಂಟ್ 50 ಹರ್ಟ್ಸ್. ಒಂದೇ ತಂತಿ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್ ಇದ್ದರೆ ಟ್ಯೂಬ್‌ಲೈಟ್, ಇನ್ವರ್ಟರ್, ಅಡಾಪ್ಟರ್ ಎಲ್ಲದರ ಗೊಣಗಾಟ ಒಳಗೆ ಬರುತ್ತದೆ. ಒಂದು ಪದರದಲ್ಲಿ ಸಹಿಸಬಹುದು, ಆರರಲ್ಲಿ ಆಗುವುದಿಲ್ಲ. ಕುರ್ಚಿಯಲ್ಲಿ ಕೂತು ಗಿಟಾರ್ ಹಿಡಿದು ನಿಧಾನವಾಗಿ ಸುತ್ತ ತಿರುಗಿ. ಒಂದು ದಿಕ್ಕಿನಲ್ಲಿ ಹಮ್ ತೀರಾ ಕಡಿಮೆಯಾಗುತ್ತದೆ. ಆ ದಿಕ್ಕಿಗೆ ಮುಖ ಮಾಡಿ ನುಡಿಸಿ. ಹಮ್ ಹೋಗುತ್ತದೆ ಅಂತ ಪ್ಲಗ್‌ನ ಅರ್ಥ್ ಪಿನ್ ಕಿತ್ತುಹಾಕುವವರನ್ನು ನೋಡಿದ್ದೇನೆ. ಹಮ್ ಜೊತೆ ನೀವೂ ಹೋಗಬಹುದು. ದಯವಿಟ್ಟು ಬೇಡ.

ಈಗ ಪ್ರಶ್ನೆಗಳು. ಈ ತಂಗಿ ಕೇಳಿದ್ದು ಚೆನ್ನಾಗಿದೆ. 'ನನ್ನ ಹತ್ತಿರ ಆಂಪೇ ಇಲ್ಲ. ಗಿಟಾರ್ ನೇರ ಲ್ಯಾಪ್‌ಟಾಪ್‌ಗೆ. ಅಪಾರ್ಟ್‌ಮೆಂಟ್, ಜೋರು ಹಾಕುವ ಹಾಗಿಲ್ಲ. ನೀವು ಹೇಳಿದ್ದೆಲ್ಲ ನನಗೆ ಯಾಕೆ?' ಅಂತ. ನೋಡಮ್ಮ, ನೀನು ಸಾಫ್ಟ್‌ವೇರ್‌ನಲ್ಲಿ ಐಆರ್ ಅಂತ ಒಂದು ಫೈಲ್ ಹಾಕುತ್ತೀಯಲ್ಲ, ಅದು ಏನು? ಯಾರೋ ಒಬ್ಬರು ಒಂದು ಸ್ಪೀಕರ್ ಮುಂದೆ, ಒಂದು ಮೈಕನ್ನು, ಒಂದು ಜಾಗದಲ್ಲಿ ಇಟ್ಟು ಹಿಡಿದಿಟ್ಟ ಪಡಿಯಚ್ಚು. ಆ ಫೈಲ್‌ನ ಹೆಸರು ಓದು. 57, 421, 121 ಅಂತ ಬರೆದಿರುತ್ತಾರೆ, ಪಕ್ಕದಲ್ಲಿ ಜಾಗ. ನಾಲ್ಕು ಪದರಕ್ಕೂ ಒಂದೇ ಫೈಲ್ ಹಾಕಿದರೆ ನೀನೂ ನನ್ನ ಹಾಗೆ ಸ್ಟ್ಯಾಂಡ್‌ಗೆ ಟೇಪ್ ಹಾಕಿದ ಹಾಗೆ. ಎರಡನೇ ಜೋಡಿಗೆ ಬೇರೆ ಫೈಲ್ ಹಾಕು. ನಿನಗೆ ಅನುಕೂಲ ಜಾಸ್ತಿ, ನುಡಿಸಿ ಆದಮೇಲೂ ಮೈಕ್ ಬದಲಿಸಬಹುದು. ಆದರೆ ಅದೇ ಕೆಟ್ಟ ಅಭ್ಯಾಸ ಕೂಡ. ಮುನ್ನೂರು ಫೈಲ್ ಕೇಳುತ್ತಾ ರಾತ್ರಿ ಕಳೆಯುತ್ತೀಯ, ಹಾಡು ಹಾಗೇ ಉಳಿಯುತ್ತದೆ. ಮೂರು ಆರಿಸಿಕೊಂಡು ಉಳಿದದ್ದನ್ನು ಅಳಿಸು.

ಹಿಂದಿನ ತಮ್ಮನ ಪ್ರಶ್ನೆ, ಕಡಿಮೆ ಸ್ವರ ಕತ್ತರಿಸುವ ಫಿಲ್ಟರ್ ಎಲ್ಲಿ ಇಡಬೇಕು ಅಂತ. ಗಿಟಾರ್‌ನ ದಪ್ಪ ತಂತಿ, ಮಾಮೂಲಿ ಟ್ಯೂನಿಂಗ್‌ನಲ್ಲಿ, 82 ಹರ್ಟ್ಸ್. ಅದರ ಕೆಳಗೆ ಇರುವುದು ಕಾಲ ಸಪ್ಪಳ, ಲಾರಿ, ಹಮ್. ಮೊದಲ ಜೋಡಿಗೆ 80ರ ಹತ್ತಿರ ಇಡಿ. ಹಿಮ್ಮೇಳದ ಪದರಗಳಿಗೆ ಇನ್ನೂ ಮೇಲೆ ಹೋಗಿ, 120, 150. ಕಣ್ಣು ಮುಚ್ಚಿ ಏರಿಸುತ್ತಾ ಹೋಗಿ, ಬೇಸ್ ಗಿಟಾರ್ ಸ್ಪಷ್ಟವಾದ ಕಡೆ ನಿಲ್ಲಿಸಿ.

ಮಾತು ಸಾಕು. ಆಂಪ್ ಬಿಸಿಯಾಗಿದೆ. ಈಗ ಇಲ್ಲೇ ನಾಲ್ಕು ಪದರ ರೆಕಾರ್ಡ್ ಮಾಡೋಣ, ಮೈಕ್ ಸರಿಸುವ ಕೆಲಸ ನಿಮ್ಮದು. ನುಡಿಸಲು ಒಬ್ಬರು, ಟಾರ್ಚ್ ಹಿಡಿಯಲು ಒಬ್ಬರು ಬೇಕು. ಕೌದಿ ಎತ್ತಲು ಮಾತ್ರ ಇಬ್ಬರು ಬನ್ನಿ, ಒಬ್ಬರಿಂದ ಆಗುವುದಿಲ್ಲ. ಮತ್ತೆ ಯಾರಾದರೂ ಆ ಫ್ಯಾನ್ ಆರಿಸಿ.